ಮ್ಯಾನೇಜರ್ ಜೋಕಿಗೆ ನಗದವನು

ಎಲ್ಲಕ್ಕೂ ಕಾರಣ ಒಂದು ದವಡೆ ಹಲ್ಲು. ರಾತ್ರಿಯಿಡೀ ಅದು ಸುತ್ತಿಗೆ ಹಿಡಿದು ಅವನ ತಲೆಯೊಳಗೆ ಕೂತಿತ್ತು. ಬೆಳಗ್ಗೆ ಹಲ್ಲಿನ ಡಾಕ್ಟರು ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕಾದ. ಡಾಕ್ಟರು ಸೂಜಿ ಚುಚ್ಚಿದರು, ಹಲ್ಲು ಕಿತ್ತರು, ಹತ್ತಿಯ ಉಂಡೆ ತುರುಕಿ, "ಗಟ್ಟಿಯಾಗಿ ಕಚ್ಕೊಂಡಿರಿ. ಮಧ್ಯಾಹ್ನದವರೆಗೂ ಮಾತು ಬೇಡ" ಅಂದರು. ಹೊರಗೆ ಬಂದು ಅಂಗಡಿಯೊಂದರ ಗಾಜಿನಲ್ಲಿ ನೋಡಿಕೊಂಡರೆ ಮುಖದ ಬಲಭಾಗ ಅವನದಾಗಿ ಉಳಿದಿರಲಿಲ್ಲ. ಬೀಗ ಹಾಕಿಕೊಂಡು ಊರಿಗೆ ಹೋದವರ ಮನೆಯಂತೆ ತಣ್ಣಗೆ ಮುಚ್ಚಿಕೊಂಡಿತ್ತು.

ರಜೆ ಹಾಕುವಂತಿರಲಿಲ್ಲ. ಅವನು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಅಂಟು ಬಳಿಯುವವನು. ಅಲ್ಲಿ ಎಲ್ಲರಿಗೂ ಅಂಟಣ್ಣ. ವರ್ಷಗಳಿಂದ ಟೆಂಪರರಿ. ಯಾರನ್ನು ಪರ್ಮನೆಂಟ್ ಮಾಡುವುದೆಂದು ಮ್ಯಾನೇಜರ್ ಅವತ್ತು ಸಂಜೆ ಹೇಳುವವರಿದ್ದರು. ಹೆಂಡತಿ ಬಾಗಿಲವರೆಗೂ ಬಂದು ಎಚ್ಚರಿಸಿದ್ದಳು.

"ರೀ, ಅಪ್ಪ ಮಧ್ಯಾಹ್ನದ ಬಸ್ಸಿಗೆ ಬರ್ತಿದಾರೆ. ನೀವು ಪರ್ಮನೆಂಟ್ ಆದ್ರಿ ಅಂತ ನಾನು ಹೋದ ತಿಂಗಳೇ ಹೇಳ್ಬಿಟ್ಟಿದೀನಿ. ಇವತ್ತು ಅದನ್ನ ನಿಜ ಮಾಡ್ಕೊಂಡು ಬನ್ನಿ."

ಕಾರ್ಖಾನೆಯಲ್ಲಿ ದಿನಾ ಕೆಲಸ ಶುರುವಾಗುವ ಮುಂಚೆ ಎಲ್ಲರೂ ಕಟಿಂಗ್ ಮೆಷಿನ್ನಿನ ಮುಂದೆ ಸಾಲಾಗಿ ನಿಲ್ಲಬೇಕು. ಮ್ಯಾನೇಜರ್ ಬಂದು ಆ ದಿನದ ಕೆಲಸ ಹಂಚುತ್ತಿದ್ದರು, ಕೊನೆಗೆ ಒಂದು ಜೋಕ್ ಹೇಳುತ್ತಿದ್ದರು. ಜೋಕಿಗೆ ನಗಬೇಕು. ಹಾಗಂತ ಯಾವ ಗೋಡೆಯ ಮೇಲೂ ಬರೆದಿರಲಿಲ್ಲ. ಗೋಡೆಯ ಮೇಲೆ ಬರೆದಿದ್ದ ನಿಯಮಗಳನ್ನೆಲ್ಲ ಯಾರಾದರೂ ಒಬ್ಬರು ಮುರಿದಿದ್ದರು; ಇದೊಂದನ್ನು ಯಾರೂ ಮುರಿದಿರಲಿಲ್ಲ.

ಅವತ್ತು ಸಾಲಿನ ಕೊನೆಯಲ್ಲಿ ದೊಡ್ಡಪ್ಪ ನಿಂತಿದ್ದ. ಕಟಿಂಗ್ ಮೆಷಿನ್ ನಡೆಸುವ, ಎಲ್ಲರಿಗಿಂತ ಹಿರಿಯನಾದ್ದರಿಂದ ಎಲ್ಲರ ಬಾಯಲ್ಲೂ ದೊಡ್ಡಪ್ಪನಾದ ಮನುಷ್ಯ. ಮೆಷಿನ್ನಿನ ಬ್ಲೇಡಿಗೆ ಎಡಗೈಯ ಎರಡು ಬೆರಳು ಕೊಟ್ಟು, ಕೆಲವು ದಿನ ಆಸ್ಪತ್ರೆಯಲ್ಲಿದ್ದು ಅವತ್ತೇ ಕೆಲಸಕ್ಕೆ ವಾಪಸ್ಸಾಗಿದ್ದ.

ಮ್ಯಾನೇಜರ್ ಅವನ ಬ್ಯಾಂಡೇಜನ್ನು ನೋಡಿ, ಮುಖ ಗಂಭೀರ ಮಾಡಿಕೊಂಡು, "ಸ್ಟೋರಿನವರೇ, ಇನ್ಮೇಲೆ ದೊಡ್ಡಪ್ಪನಿಗೆ ಗ್ಲೌಸ್ ಕೊಡೋವಾಗ ಎರಡು ಬೆರಳು ಕತ್ತರಿಸಿ ಇಟ್ಕೊಳ್ಳಿ. ಕಂಪನಿಗೆ ಉಳಿತಾಯ" ಅಂದರು.

ಸಾಲು ನಕ್ಕಿತು. ಸ್ಟೋರಿನವನು ತೊಡೆ ತಟ್ಟಿಕೊಂಡು ನಕ್ಕ. ಇಲ್ಲಿ ಹೇಳಿದ್ದು ಅಲ್ಲಿ ಕೇಳುವಂತೆ ಮಾಡುವುದರಲ್ಲಿ ನಿಸ್ಸೀಮನಾದ್ದರಿಂದ ಅವನಿಗೆ ರೇಡಿಯೋ ಎಂದು ಹೆಸರು. ಪೆಟ್ಟಿಗೆಗೆ ಪಿನ್ ಹೊಡೆಯುವ ಅಕ್ಕ ಕರವಸ್ತ್ರ ಬಾಯಿಗೊತ್ತಿಕೊಂಡು ನಕ್ಕಳು. ಎಲ್ಲರೂ ತನ್ನ ಕಡೆ ತಿರುಗಿದ್ದು ಕಂಡು ದೊಡ್ಡಪ್ಪನೂ ನಕ್ಕ.

ಅಂಟಣ್ಣನೂ ನಗಲು ಹೊರಟ. ನಗು ಎದೆಯಿಂದೆದ್ದು ಗಂಟಲಿಗೆ ಬಂತು, ದವಡೆಯ ಹತ್ತಿರ ಬಾಗಿಲು ಮುಚ್ಚಿರುವುದನ್ನು ಕಂಡು ಸುಮ್ಮನೆ ಹಿಂದಿರುಗಿತು. ನಗುವ ಸಾಲಿನ ನಡುವೆ ಅವನ ಮುಖ ಹೊಸದಾಗಿ ಸುಣ್ಣ ಬಳಿದ ಗೋಡೆಯಂತೆ ಉಳಿಯಿತು.

ಮ್ಯಾನೇಜರ್ ಅವನ ಮುಂದೆ ಬಂದು ನಿಂತರು. "ಏನಪ್ಪಾ, ಜೋಕ್ ಅರ್ಥ ಆಗ್ಲಿಲ್ವಾ?"

ಅರ್ಥವಾಯಿತೆಂದು ತಲೆಯಾಡಿಸಿದ. ಅದರಿಂದ ಇನ್ನೂ ಕೆಟ್ಟಿತು.

"ಅರ್ಥ ಆಯ್ತು. ಆದ್ರೂ ನಗು ಬರ್ಲಿಲ್ಲ" ಎಂದರು ಮ್ಯಾನೇಜರ್ ಮೆಲ್ಲಗೆ. "ಸರಿ. ಸಂಜೆ ಸಿಗೋಣ."

ಅಂಟಣ್ಣ ತನ್ನ ಅಂಟಿನ ಮೇಜಿಗೆ ಬಂದ. ಪಿನ್ನಿನಕ್ಕ ದಿನಾ ಅವನ ಎದುರಿಗೆ ಕೂರುವವಳು. ಅವತ್ತು ಸ್ಟೂಲನ್ನು ಎಳೆದುಕೊಂಡು ಎರಡು ಕಂಬಗಳಾಚೆಗೆ ಹೋದಳು. ರೇಡಿಯೋ ಅಂಟಿನ ಡಬ್ಬ ಕೊಡುವ ನೆಪದಲ್ಲಿ ಬಂದು ಪಿಸುಗುಟ್ಟಿದ: "ಏನು ಕೆಲಸ ಮಾಡ್ಬಿಟ್ಟೆ ನೀನು. ನಾನು ನಿನ್ನ ಪಕ್ಕ ನಿಂತಿದ್ದೆ ಅಂತ ಎಲ್ಲೂ ಬಾಯಿ ಬಿಡ್ಬೇಡ."

ಬಾಯಿ ಬಿಡುವ ಸ್ಥಿತಿಯಲ್ಲಿ ಅಂಟಣ್ಣ ಇರಲಿಲ್ಲ. ಕೆನ್ನೆ ತೋರಿಸಿ, ಹಲ್ಲು ಕೀಳುವ ಅಭಿನಯ ಮಾಡಿದ.

"ಹಲ್ಲು ಕಿತ್ತುಬಿಡ್ತೀನಿ ಅಂತೀಯಾ?" ರೇಡಿಯೋ ಒಂದು ಹೆಜ್ಜೆ ಹಿಂದೆ ಸರಿದ. "ಮ್ಯಾನೇಜರ್‌ದಾ?"

ಅದಾಗಿ ಸ್ವಲ್ಪ ಹೊತ್ತಿಗೆ ವಿಚಿತ್ರ ಶುರುವಾಯಿತು. ಅಂಟಣ್ಣ ನೀರಿನ ನಲ್ಲಿಯ ಹತ್ತಿರ ಹೋದಾಗ ಮಡಚುವ ವಿಭಾಗದವನೊಬ್ಬ ಹಿಂದೆಯೇ ಬಂದು, ಅತ್ತಿತ್ತ ನೋಡಿ, "ನಂಗೂ ನಗು ಬರ್ಲಿಲ್ಲ ಕಣಣ್ಣ. ಎಲ್ರೂ ನಕ್ಕರಲ್ಲ ಅಂತ ನಕ್ಕೆ. ಬೇರೆಯೋರ ಹತ್ರ ಹೇಳ್ಬೇಡ, ಅವರೆಲ್ಲ ಮ್ಯಾನೇಜರ್ ಕಡೆಯೋರು" ಅಂದ. ಅಂಟು ಕಾಯಿಸುವ ಒಲೆಯ ಬಳಿ ಲೋಡಿಂಗಿನವನು ಸಿಕ್ಕಿ ಅದನ್ನೇ ಹೇಳಿದ. ಕೊನೆಗೆ ಪಿನ್ನಿನಕ್ಕನೇ ಕಂಬದ ಮರೆಯಿಂದ ಬಂದಳು. "ನನಗೆ ಅಳು ಬಂದಿತ್ತು. ಅದಕ್ಕೇ ಕರವಸ್ತ್ರ ತಗೊಂಡೆ. ರೇಡಿಯೋ ಒಬ್ಬ ಹೇಗೆ ನಕ್ಕ ನೋಡಿದ್ಯಾ, ಅವನೂ ಒಬ್ಬ ಮನುಷ್ಯನಾ?" ಅವಳು ಅತ್ತ ಹೋದ ಮೇಲೆ ರೇಡಿಯೋ ಇತ್ತ ಬಂದ. "ನಾನು ತೊಡೆ ತಟ್ಕೊಂಡಿದ್ದು ಸಿಟ್ಟಿಗೆ. ಆ ಪಿನ್ನಿನಕ್ಕನ ನಗು ನೋಡಿ ಮೈ ಉರಿದುಹೋಯ್ತು."

ಅಂಟಣ್ಣನಿಗೆ ತಲೆ ತಿರುಗಿತು. ಇವರಲ್ಲಿ ಯಾರೂ ನಗಲಿಲ್ಲವೆಂದರೆ ಬೆಳಗ್ಗೆ ಶೆಡ್ಡಿನ ತಗಡು ನಡುಗುವಂತೆ ನಕ್ಕವರು ಯಾರು? ಅದಕ್ಕಿಂತ ದೊಡ್ಡ ಮಾತೊಂದು ಒಳಗೆ ಚುಚ್ಚುತ್ತಿತ್ತು. ಬಾಯಿ ಸರಿಯಾಗಿದ್ದಿದ್ದರೆ ಅವನು ನಕ್ಕೇ ನಗುತ್ತಿದ್ದ. ರೇಡಿಯೋಗಿಂತ ಜೋರಾಗಿ.

ಊಟದ ಹೊತ್ತಿಗೆ ದೊಡ್ಡಪ್ಪ ಬಂದು ಪಕ್ಕದಲ್ಲಿ ಕೂತ. ಡಬ್ಬಿಯನ್ನು ಮಂಡಿಗಳ ನಡುವೆ ಇಟ್ಟು ಮುಚ್ಚಳವನ್ನು ಒಂದೇ ಕೈಯಲ್ಲಿ ತೆಗೆಯಲು ಒದ್ದಾಡಿದ. ಅಂಟಣ್ಣ ತೆಗೆದುಕೊಟ್ಟ.

"ನನ್ನ ಬೆರಳಿಗೆ ನಾನೇ ನಕ್ಕೆ ನೋಡಪ್ಪ" ಎಂದ ದೊಡ್ಡಪ್ಪ. "ನೀನು ನಗ್ಲಿಲ್ಲ."

"ದೊಡ್ಡಪ್ಪಾ, ಅದು ಹಲ್ಲು…" ಮರಗಟ್ಟಿದ್ದು ಬಿಡುತ್ತಿತ್ತು. ಅಂಟಣ್ಣ ತೊದಲುತ್ತ ಬಾಯಿ ತೆರೆದು ಗುಂಡಿ ತೋರಿಸಿದ. "ನಗೋಕೆ ಆಗ್ಲಿಲ್ಲ. ಅಷ್ಟೇ."

ದೊಡ್ಡಪ್ಪ ಬಗ್ಗಿ ನೋಡಿ ಮೆಚ್ಚಿಕೊಂಡ. "ಒಳ್ಳೆ ಉಪಾಯ. ಯಾರಾದ್ರೂ ಕೇಳಿದ್ರೆ ಇದನ್ನೇ ಹೇಳು. ನಾನೂ ಹೀಗೇ ಹೇಳ್ತೀನಿ."

"ಉಪಾಯ ಅಲ್ಲ, ನಿಜವಾಗ್ಲೂ ಹಲ್ಲು."

"ಹಲ್ಲು ಕಿತ್ತೋರು ನಗಲ್ವಾ? ನಮ್ಮಜ್ಜಿ ಬಾಯಲ್ಲಿ ಒಂದೂ ಇರ್ಲಿಲ್ಲ, ದಿನವೆಲ್ಲ ನಗ್ತಿದ್ಲು." ದೊಡ್ಡಪ್ಪ ದನಿ ತಗ್ಗಿಸಿದ. "ಬ್ಲೇಡಿನ ಮುಂದೆ ಕಬ್ಬಿಣದ ಜಾಲರಿ ಇತ್ತಲ್ಲ, ಅದನ್ನ ಬಿಚ್ಚಿಸಿದ್ದು ಮ್ಯಾನೇಜರೇ. ಜಾಲರಿ ಇದ್ರೆ ಕೆಲಸ ನಿಧಾನ ಅಂತ. ಸಂಜೆ ಎಲ್ಲರೆದುರಿಗೆ ಕೇಳ್ತೀನಿ, ವಾಪಸ್ ಹಾಕ್ಸಿ ಅಂತ. ಒಬ್ಬನೇ ಆಗಿದ್ರೆ ಬಾಯಿ ಬರ್ತಿರ್ಲಿಲ್ಲ. ಈಗ ನೀನಿದೀಯಲ್ಲ." ಉಳಿದ ಮೂರು ಬೆರಳಿನಿಂದ ಅಂಟಣ್ಣನ ಮಣಿಕಟ್ಟು ಹಿಡಿದ. ಐದು ಬೆರಳಿನ ಹಿಡಿತವಾಗಿದ್ದರೆ ಬಿಡಿಸಿಕೊಳ್ಳಬಹುದಿತ್ತು.

ಮಧ್ಯಾಹ್ನದ ಕೆಲಸ ಅರ್ಧವಾಗುವಷ್ಟರಲ್ಲಿ ರೇಡಿಯೋ ಇಡೀ ಶೆಡ್ಡಿನಲ್ಲಿ ಪ್ರಸಾರ ಮುಗಿಸಿದ್ದ. ಒಬ್ಬೊಬ್ಬರಾಗಿ ಗುಟ್ಟು ಹೇಳಿಕೊಂಡವರೆಲ್ಲ ಒಟ್ಟಾಗಿ ಬಂದು ಅಂಟಿನ ಮೇಜನ್ನು ಸುತ್ತುವರಿದರು.

"ಸಂಜೆ ಅವರು ಏನೇ ಹೇಳ್ಲಿ, ಯಾರೂ ನಗೋದಿಲ್ಲ. ಎಲ್ರೂ ಮಾತಾಡ್ಕೊಂಡಿದೀವಿ" ಎಂದಳು ಪಿನ್ನಿನಕ್ಕ.

"ನೀನು ಮುಂದೆ ನಿಲ್ಲು. ನಾವೆಲ್ಲ ನಿನ್ನ ಹಿಂದೆ" ಎಂದ ರೇಡಿಯೋ.

ಅವರ ಬಾಯಲ್ಲಿ ಹಿಂದೆ ಎಂದರೆ ಬೆನ್ನಿಗೆ ಎಂದಲ್ಲ, ಮರೆಗೆ ಎಂದು ಅಂಟಣ್ಣನಿಗೆ ತಕ್ಷಣ ತಿಳಿಯಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಅಪ್ಪ ಬಂದ್ರು. ಬರೋವಾಗ ದಾರಿಯಲ್ಲಿ ಸಿಕ್ಕೋರಿಗೆಲ್ಲ ಹೇಳ್ಕೊಂಡು ಬಂದಿದಾರೆ, ಅಳಿಯ ಪರ್ಮನೆಂಟು ಅಂತ. ಪಕ್ಕದ್ಮನೆಯೋರು ಬಂದು ಕೂತಿದಾರೆ, ಮೇಲಿನ್ಮನೆಯೋರು ಬಂದು ಕೂತಿದಾರೆ. ನನಗೆ ಕೂರೋಕೆ ಜಾಗ ಇಲ್ಲ. ಹೊರಗೆ ನಿಂತು ಮಾತಾಡ್ತಿದೀನಿ. ಏನಾಯ್ತು ಹೇಳಿ."

"ಆಗುತ್ತೆ" ಎಂದ ಅಂಟಣ್ಣ.

ಫೋನಿಟ್ಟವನೇ ತೀರ್ಮಾನಿಸಿಬಿಟ್ಟ. ದೊಡ್ಡಪ್ಪನ ಬೆರಳು ಇನ್ನು ಬೆಳೆಯುವುದಿಲ್ಲ; ತನ್ನ ಕೆಲಸ ಇನ್ನೂ ಉಳಿಯಬಹುದು. ಸಂಜೆ ತಾನು ನಗಬೇಕು. ಯಾರು ನಗಲಿ ಬಿಡಲಿ, ಮೊದಲು ನಗಬೇಕು, ಮ್ಯಾನೇಜರಿಗೆ ಕೇಳಿಸುವಂತೆ ನಗಬೇಕು. ಪಾಯಿಖಾನೆಗೆ ಹೋಗಿ ಚಿಲಕ ಹಾಕಿ, ಒಡೆದ ಕನ್ನಡಿಯ ಮುಂದೆ ಅಭ್ಯಾಸಕ್ಕೆ ನಿಂತ. ಮೊದಲ ನಗು ಬಾಗಿಲಿನ ಕೀಲಿನಂತೆ ಕಿರುಗುಟ್ಟಿತು. ಎರಡನೆಯದಕ್ಕೆ ಜೊಲ್ಲು ಸುರಿಯಿತು. ಮೂರನೆಯದು ಪರವಾಗಿಲ್ಲ ಅನ್ನಿಸುವಾಗ ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು.

"ಅಳ್ಬೇಡ ಅಂಟಣ್ಣ" ಎಂದಿತು ರೇಡಿಯೋದ ದನಿ. "ನಾವಿದೀವಿ."

ಸಂಜೆ ಮೆಷಿನ್ನುಗಳು ನಿಂತವು. ಸಾಲು ಎಂದಿನಂತೆ ಸಾಲಾಗಿರಲಿಲ್ಲ. ಅಂಟಣ್ಣ ಮುಂದೆ, ಉಳಿದವರೆಲ್ಲ ಅವನ ಹಿಂದೆ ಒತ್ತಾಗಿ ನಿಂತಿದ್ದರು. ಮ್ಯಾನೇಜರ್ ಒಬ್ಬರೇ ಬರಲಿಲ್ಲ. ಜೊತೆಗೆ ಮಾಲೀಕರಿದ್ದರು. ಬೆಳಗ್ಗಿನ ಸಂಗತಿ ಹೇಗೋ ಅವರ ಕಿವಿಗೆ ಬಿದ್ದಿತ್ತು; ರೇಡಿಯೋ ಇರುವ ಕಡೆ ಹೇಗೆ ಎಂದು ಕೇಳಬೇಕಾಗಿರಲಿಲ್ಲ.

ಮ್ಯಾನೇಜರ್ ಮುಖ ಗಂಭೀರ ಮಾಡಿಕೊಂಡು ಮಾತು ಶುರು ಮಾಡಿದರು. ಅಂಟಣ್ಣನಿಗೆ ತನ್ನ ಎದೆ ಬಡಿತದ ಹೊರತು ಏನೂ ಕೇಳಿಸಲಿಲ್ಲ. ಪದಗಳು ಬೇಕಾಗಿಯೂ ಇರಲಿಲ್ಲ. ಈ ಜೋಕುಗಳನ್ನು ಯಾರೂ ಕೇಳಿ ನಗುತ್ತಿರಲಿಲ್ಲ, ಅವರು ನಿಲ್ಲಿಸಿದಾಗ ನಗುತ್ತಿದ್ದರು. ಅವನ ಕಣ್ಣೆಲ್ಲ ಅವರ ತುಟಿಯ ಮೇಲಿತ್ತು. ತುಟಿ ಆಡಿತು, ಆಡಿತು, ನಿಂತಿತು.

ಅಂಟಣ್ಣ ನಕ್ಕ.

ಬಾಯಿ ತುಂಬ ನಕ್ಕ. ದಿನವಿಡೀ ಗಂಟಲಲ್ಲಿ ಕಾದು ಕೂತಿದ್ದ ನಗುವೆಲ್ಲ ಹಲ್ಲಿಲ್ಲದ ಸಂದಿಯಿಂದ ಸಿಳ್ಳೆ ಹೊಡೆಯುತ್ತ ಹೊರಗೆ ಬಂತು. ಹಿಂದೆ ಒಬ್ಬರೂ ನಗಲಿಲ್ಲ. ಅದು ಅವನಿಗೆ ಗೊತ್ತಿದ್ದದ್ದೇ. ಆದರೆ ಮುಂದೆ ಮಾಲೀಕರ ಮುಖ ಕಪ್ಪಿಟ್ಟಿತ್ತು. ಮ್ಯಾನೇಜರ್ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಬೆಳಗ್ಗೆ ನಾನು ಆಡಿದ ಮಾತಿಗೆ ದೊಡ್ಡಪ್ಪನ ಹತ್ರ ಕ್ಷಮೆ ಕೇಳ್ತಿದ್ದೆ" ಎಂದರು ಮ್ಯಾನೇಜರ್. "ಗಂಟಲು ಕಟ್ಟಿ ಬಂತು, ನಿಲ್ಲಿಸಿದೆ. ನಿನಗೆ ನಗು ಬಂತಾ?"

ಹಿಂದಿನಿಂದ ಪಿನ್ನಿನಕ್ಕನ ದನಿ: "ಛೆ. ಬೆರಳು ಕಳ್ಕೊಂಡೋರನ್ನ ನೋಡಿ ನಗೋದಾ."

"ಅದೆಂಥ ಮನಸ್ಸೋ" ಎಂದ ಮಡಚುವ ವಿಭಾಗದವನು.

"ಬೆಳಗ್ಗೆಯೂ ಒಳಗೊಳಗೇ ನಗ್ತಿದ್ದ ಸಾರ್" ಎಂದ ರೇಡಿಯೋ. "ನಾನು ಪಕ್ಕದಲ್ಲೇ ನಿಂತಿದ್ದೆ."

ಅಂಟಣ್ಣ ಹಿಂದೆ ತಿರುಗಿದ. ಮುಂಜಾನೆ ನಕ್ಕಿದ್ದ ಮುಖಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತೆ ನೊಂದುಕೊಂಡಿದ್ದವು. "ಹಲ್ಲು…" ಎಂದು ಬಾಯಿ ತೆರೆದ. ಮಾಲೀಕರಿಗೆ ಅದು ಇನ್ನೊಂದು ನಗುವಿನಂತೆ ಕಂಡಿತು.

"ಪರ್ಮನೆಂಟ್ ಮಾಡ್ಬೇಕು ಅಂದಿದ್ದು ಇವನನ್ನೇನ್ರಿ?" ಎಂದು ಮಾಲೀಕರು ಕೇಳಿದರು.

ಮ್ಯಾನೇಜರ್ ಕಣ್ಣೊರೆಸಿದ ಕರವಸ್ತ್ರವನ್ನು ನೀಟಾಗಿ ಮಡಚಿ ಜೇಬಿಗಿಟ್ಟರು. "ಹೌದು ಸಾರ್. ಕೊಟ್ಟ ಮಾತು ತಪ್ಪೋದು ಬೇಡ, ಮಾಡೋಣ. ದೊಡ್ಡಪ್ಪನಿಗೆ ಗೇಟಿನ ಹತ್ರ ಕುರ್ಚಿ ಹಾಕ್ಸೋಣ, ಆರಾಮಾಗಿರ್ಲಿ. ನಾಳೆಯಿಂದ ಕಟಿಂಗ್ ಮೆಷಿನ್ ಮೇಲೆ ಇವನೇ ನಿಲ್ಲಲಿ. ಪರ್ಮನೆಂಟಾಗಿ. ಇನ್ನೊಬ್ಬರ ಕಷ್ಟ ಏನು ಅಂತ ತಿಳೀಲಿ."

"ಸಾರ್, ಆ ಜಾಲರಿ…" ಎಂದು ದೊಡ್ಡಪ್ಪ ಒಂದು ಹೆಜ್ಜೆ ಮುಂದಿಟ್ಟ.

ಅಷ್ಟರಲ್ಲಿ ರೇಡಿಯೋ ಚಪ್ಪಾಳೆ ತಟ್ಟಿದ. ಪಿನ್ನಿನಕ್ಕ ತಟ್ಟಿದಳು. ಮಡಚುವವರು, ಲೋಡಿಂಗಿನವರು, ಒಬ್ಬರನ್ನೊಬ್ಬರು ನೋಡಿಕೊಂಡು ಎಲ್ಲರೂ ತಟ್ಟಿದರು. ಶೆಡ್ಡಿನ ತಗಡು ನಡುಗಿತು. ಜಾಲರಿಯ ಮಾತು ಆ ಸದ್ದಿನೊಳಗೆ ಎಲ್ಲೋ ಬಿದ್ದುಹೋಯಿತು.

ದೊಡ್ಡಪ್ಪ ಒಬ್ಬ ಚಪ್ಪಾಳೆ ತಟ್ಟಲಿಲ್ಲ. ಎರಡೂ ಕೈ ಕೆಳಗೆ ಇಳಿಬಿಟ್ಟು, ಮ್ಯಾನೇಜರನ್ನೇ ನೋಡುತ್ತ ನಿಂತ. ಪಾಪ, ಗಾಯ ಇನ್ನೂ ಮಾಗಿಲ್ಲ, ತಟ್ಟೋಕಾಗಲ್ಲ ಎಂದುಕೊಂಡರು ಎಲ್ಲರೂ.

ಅಂಟಣ್ಣ ಸುತ್ತಲೂ ನೋಡಿದ. ಎಲ್ಲ ಕಡೆ ಕೈಗಳು ಆಡುತ್ತಿದ್ದವು. ಅವನೂ ತಟ್ಟಿದ.