ಮೂರನೇ ಕೊಳವೆಯ ಗೂಡು

ಸಾಹೇಬರು ಎರಡು ದಿನಕ್ಕೆಂದು ಇಟ್ಟುಹೋದ ಬಾರ್ಬೆಕ್ಯೂ ಒಲೆ ಚೇತನ್‌ಕುಮಾರನ ಮಹಡಿಯ ಮೇಲೆ ನಾಲ್ಕು ತಿಂಗಳಿಂದ ಕೂತಿತ್ತು. ಬಯಲಲ್ಲಿಟ್ಟು ಗ್ಯಾಸಿನ ಉರಿಯಲ್ಲಿ ಕೋಳಿ ಸುಡುವ, ಚಕ್ರವಿರುವ, ಎಮ್ಮೆಕರುವಿನಷ್ಟು ದೊಡ್ಡ ಒಲೆ. ಸಾಹೇಬರ ಮನೆಗೆ ಬಣ್ಣ ಹೊಡೆಸುವಾಗ ಅದನ್ನಿಡಲು ಜಾಗವಿರಲಿಲ್ಲ. ಇಡೀ ಕಚೇರಿಯಲ್ಲಿ ‘ಆಗಲ್ಲ ಸಾರ್’ ಅನ್ನಲು ಬಾರದವನು ಇವನೊಬ್ಬನೇ. ಹೊಡೆಸಿದ ಬಣ್ಣ ಮಾಸತೊಡಗಿದರೂ ಒಲೆ ಕೆಳಗಿಳಿದಿರಲಿಲ್ಲ.

ಇವತ್ತು ಅದು ಹೋಗಲೇಬೇಕಿತ್ತು. ನಾಳೆ ಹೊಳಲ್ಕೆರೆಯಿಂದ ಮಾವ ಶಿವಯ್ಯನವರು ಬರುವವರಿದ್ದರು. ಮೊಟ್ಟೆ ಒಡೆದ ಮನೆಯಲ್ಲಿ ನೀರೂ ಕುಡಿಯದ ಮನುಷ್ಯ. ಬಂದಾಗಲೆಲ್ಲ ಬೆಳಗಿನ ಪೂಜೆಗೆ ಕೂರುವುದು ಮಹಡಿಯ ಮೇಲೆಯೇ. “ಅಪ್ಪ ಅದನ್ನ ನೋಡಿದ್ರೆ ನಾನೂ ಅವರ ಜತೆ ಬಸ್ ಹತ್ತತೀನಿ” ಎಂದು ಹೆಂಡತಿ ಆಶಾರಾಣಿ ಹೇಳಿಯಾಗಿತ್ತು. ಹದಿನೆಂಟು ವರ್ಷದ ಸಂಸಾರದಲ್ಲಿ ಆಕೆ ಹೇಳಿ ಮಾಡದೆ ಬಿಟ್ಟದ್ದು ಒಂದೂ ಇರಲಿಲ್ಲ. ಸಂಜೆ ಐದಕ್ಕೆ ಬರುತ್ತೇವೆಂದು ಸಾಹೇಬರು ಒಪ್ಪಿದ್ದರು. ಕೊಟ್ಟ ಹಾಗೇ ಇರಬೇಕು, ಉರಿಸಿ ತೋರಿಸಬೇಕು ಎಂದೂ ಸೇರಿಸಿದ್ದರು.

ಭಾನುವಾರ ಬೆಳಿಗ್ಗೆಯೇ ಚೇತನ್‌ಕುಮಾರ ಮೂಗಿಗೆ ಟವೆಲ್ ಕಟ್ಟಿಕೊಂಡು ಮಹಡಿ ಹತ್ತಿದ. ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಟ್ಟ. ಜಿಡ್ಡಿನ ತಟ್ಟೆಯಲ್ಲಿ ಹಳೇ ಕೊಬ್ಬು ಮೇಣದಂತೆ ಗಟ್ಟಿಯಾಗಿತ್ತು. ಹುಟ್ಟಿದಾರಭ್ಯ ಕೋಳಿಯನ್ನು ರೆಕ್ಕೆಪುಕ್ಕದ ಸಮೇತ ಮಾತ್ರ ಕಂಡಿದ್ದವನು ಅದನ್ನು ಕಣ್ಣು ಮುಚ್ಚಿ ಕೆರೆದ. ಸಂಡಿಗೆ ಒಣಗಿಸಲು ಬಂದ ಕೆಳಗಿನ ಮನೆಯ ಏಕಾಂತಮ್ಮ ಅಲ್ಲೇ ಕುಂತು ಹುಣಸೆಹಣ್ಣು ಹಾಕು, ಬೂದಿ ಹಾಕು ಎಂದಳು. ಪಕ್ಕದ ಮಹಡಿಯಿಂದ ಜುಂಜಣ್ಣ ಪೆಟ್ರೋಲ್ ಹಾಕು ಎಂದ. ಮೊದಲಿನ ಎರಡನ್ನು ಹಾಕಿ ಉಜ್ಜುವಷ್ಟರಲ್ಲಿ ಹನ್ನೊಂದಾಯಿತು.

ಸಿಲಿಂಡರ್ ಮತ್ತೆ ಜೋಡಿಸಿ, ಪೈಪಿಗೆ ಸೋಪಿನ ನೀರು ಸವರಿ, ಗ್ಯಾಸ್ ಸೋರುತ್ತಿಲ್ಲವೆಂದು ನೋಡಿಕೊಂಡು ಒಲೆ ಹಚ್ಚಿದ. ಉರಿ ಬರುವ ಮೂರು ಕೊಳವೆಗಳಲ್ಲಿ ಎರಡು ನೀಲಿಯಾಗಿ ಉರಿದವು. ಮೂರನೆಯದು ಕೆಮ್ಮಲೂ ಇಲ್ಲ. ಎಲ್ಲ ಆರಿಸಿ, ಆ ಕೊಳವೆ ಬಿಚ್ಚಿ ಇಣುಕಿದರೆ ಒಳಗೆ ಮಣ್ಣು ಮೆತ್ತಿತ್ತು. ಕಡ್ಡಿ ಹುಡುಕಲು ಎದ್ದ. ಅಷ್ಟರಲ್ಲಿ ಏಕಾಂತಮ್ಮನೂ ಬಗ್ಗಿದಳು.

“ಲೇ ತಮ್ಮ, ಕೈ ಹಾಕಬ್ಯಾಡ. ಕುಂಬಾರ ಹುಳ ಗೂಡು ಕಟ್ಟೈತೆ. ಮನೇಲಿ ತೊಟ್ಲು ತೂಗೋ ಕಾಲ ಬಂದೈತೆ ಅಂತ ಲೆಕ್ಕ. ಒಡದ್ರೆ ಪಾಪ ಸುತ್ಕಂತೈತೆ.”

ಅವಳು ಕೆಳಗಿಳಿದು ಹಾಲು ಕಾಯುವಷ್ಟರಲ್ಲಿ ಇಡೀ ಬೀದಿಗೆ ಸುದ್ದಿಯಾಯಿತು. ಆಶಾರಾಣಿಗೆ ನಲವತ್ತೊಂದು, ದೊಡ್ಡ ಮಗಳು ಪಿಯುಸಿ. ಒಬ್ಬಾಕೆ ಬಂದು ಎಷ್ಟು ತಿಂಗಳು ಎಂದು ಕೇಳಿದಳು. ಇನ್ನೊಬ್ಬಾಕೆ ಹುಳಿ ಮಾವಿನಕಾಯಿಯನ್ನೇ ಕೊಟ್ಟುಹೋದಳು. ಆಶಾರಾಣಿ ಆ ಮಾವಿನಕಾಯಿ ಹಿಡಿದೇ ಮಹಡಿಗೆ ಬಂದಳು.

“ಮಗಳು ಮುಖ ಕೊಟ್ಟು ಮಾತಾಡ್ತಿಲ್ಲ. ಸಂಜೆಗೆ ಈ ಒಲೆ ಇಲ್ಲಿರಬಾರದು ಅಷ್ಟೆ,” ಎಂದಳು.

ಏಕಾಂತಮ್ಮ ಉಂಡು ಅಡ್ಡಾದ ಹೊತ್ತು ನೋಡಿ ಚೇತನ್‌ಕುಮಾರ ಸೈಕಲ್ ಕಡ್ಡಿ ತೂರಿಸಿದ. ಗೂಡು ಪುಡಿಯಾಗಿ ಉದುರಿತು. ಪುಡಿಯನ್ನೆಲ್ಲ ಗೋಡೆಯಾಚೆ ಚೆಲ್ಲಿ, ಕೊಳವೆ ಜೋಡಿಸಿ ಹಚ್ಚಿದರೆ ಮೂರೂ ನೀಲಿ. ಆರಿಸಿ, ಬಿಸಿ ತಣಿದ ಮೇಲೆ ಹೊದಿಕೆ ಹೊದಿಸಿ, ಬೆನ್ನು ಹಿಡಿದುಕೊಂಡು ಅಲ್ಲೇ ಕುಸಿದು ಕೂತ. ನಾಲ್ಕು ತಿಂಗಳಲ್ಲಿ ಮೊದಲ ಸಲ ಮನಸ್ಸು ಹಗುರಾಗಿತ್ತು.

ಐದಕ್ಕೆ ಸಾಹೇಬರು ಮಹಡಿ ಹತ್ತಿ ಬಂದರು, ಹೆಂಡತಿ ಸುಚಿತ್ರಾ ಸಮೇತ; ಹಿಂದೆಯೇ ಆಶಾರಾಣಿಯೂ ಬಂದಳು. ಟೆಂಪೊ ಇರಲಿಲ್ಲ. ಕೈಯಲ್ಲಿ ಪೇಡೆಯ ಡಬ್ಬಿ ಇತ್ತು. ಸೊಸೆಗೆ ಮೂರು ತಿಂಗಳಂತೆ; ಒಗ್ಗರಣೆ ವಾಸನೆಗೇ ವಾಂತಿಯಂತೆ. ಇನ್ನು ಕೋಳಿ ಸುಡುವ ಒಲೆಯನ್ನು ಮನೆಯ ಹತ್ತಿರ ತರುವ ಮಾತೆಲ್ಲಿ, ಹೆರಿಗೆಯಾಗುವವರೆಗೂ ಇಲ್ಲೇ ಇರಲಿ ಎಂದರು ಸಾಹೇಬರು.

ಚೇತನ್‌ಕುಮಾರ ಜೀವಮಾನದಲ್ಲಿ ಮೊದಲ ಬಾರಿಗೆ ‘ಆಗಲ್ಲ ಸಾರ್’ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಏಕಾಂತಮ್ಮ ಕಾಣಿಸಿದಳು.

“ಒಲೆ ಇವರದಾ? ಹಂಗಾದ್ರೆ ಗೂಡೂ ಇವರ ಮನೇದೇ. ನಾನು ಹೇಳ್ಲಿಲ್ವಾ?” ಎಂದು ಬೆಳಗಿನ ಕತೆಯನ್ನೆಲ್ಲ ಒಪ್ಪಿಸಿದಳು.

ಸುಚಿತ್ರಾ ಅವರ ಕಣ್ಣು ತುಂಬಿ ಬಂತು. “ಏಳು ವರ್ಷ ಕಾದಿದ್ವಿ ಕಣಪ್ಪ. ಸುತ್ತದಿರೋ ಆಸ್ಪತ್ರೆ ಇಲ್ಲ. ಗೂಡು ಹಂಗೇ ಐತಲ್ಲ?”

ಚೇತನ್‌ಕುಮಾರ ಆಶಾರಾಣಿಯ ಮುಖ ನೋಡಿದ. ಅವಳು ನೆಲ ನೋಡಿದಳು.

“ಐತೆ ಮೇಡಂ,” ಎಂದ.

“ಕೂಸು ಹುಟ್ಟೋತಂಕ ಯಾರೂ ಮುಟ್ಟಬಾರದು. ಈಗ ಬರಿಗೈಲಿ ನೋಡಬಾರದು, ಬೆಳಿಗ್ಗೆ ಅರಿಶಿನ ಕುಂಕುಮ ತಗಂಡು ಬರ್ತೀನಿ,” ಎಂದು ಆಕೆ ಕೈಮುಗಿದು ಇಳಿದರು. ಉರಿಸಿ ತೋರಿಸು ಎಂದು ಸಾಹೇಬರು ಕೇಳಲೇ ಇಲ್ಲ.

ಹೊತ್ತು ಮುಳುಗುವಾಗ ಚೇತನ್‌ಕುಮಾರ ತುಳಸಿ ಕುಂಡದ ಮಣ್ಣು ಕಲಸಿಕೊಂಡು, ಮತ್ತೆ ಬಿಚ್ಚಿದ ಮೂರನೇ ಕೊಳವೆಯೊಳಗೆ ಬೆರಳಿನಿಂದ ಮೆತ್ತುತ್ತಿದ್ದ. ಬಸ್ಸಿಗೆಂದು ಬ್ಯಾಗು ತುಂಬಿಟ್ಟು ಬಂದ ಆಶಾರಾಣಿ ಅವನು ಮೆತ್ತುವುದನ್ನು ನೋಡಿದಳು. ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕುಂತಳು.

“ಅಷ್ಟು ದಪ್ಪ ಮೆತ್ತಬ್ಯಾಡ್ರಿ,” ಎಂದಳು. “ಹುಳದ ಕೈ ಸಣ್ಣದು.”