ತಂಪುಕೋಣೆಯ ತಂತಿ ಕಾಳಗ

ಮಾನವನ ಮಾತು ನೀಲಿ ತಂತಿಯೊಳಗೆ ನುಸುಳಿ ಸಪ್ತಸಾಗರಗಳನ್ನು ರೆಪ್ಪೆ ಬಡಿಯುವಷ್ಟರಲ್ಲಿ ದಾಟಿ, ಪಕ್ಕದ ಮೇಜಿನವನಿಗೆ ಮಾತ್ರ ಮುಟ್ಟದೆ ಹೋಗುವ ಈ ಮಹಾಯುಗಕ್ಕೆ ಜಯವಾಗಲಿ. ಆ ಯುಗದ ವೈಶಾಖಮಾಸದಲ್ಲಿ, ಬಂಡೆಗಲ್ಲುಗಳೂ ಬೆವರುವ ರಾಯಚೂರಿನಲ್ಲಿ, ಒಂದು ಸಹಕಾರಿ ಬ್ಯಾಂಕಿನ ಪ್ರಧಾನ ಕಚೇರಿಯ ಏಕಮಾತ್ರ ಎ.ಸಿ. ಕೋಣೆಯಲ್ಲಿ, ಸ್ವೆಟರ್ ತೊಟ್ಟು ವಿರಾಜಮಾನನಾಗಿದ್ದ ತಂತಿಸಮೂಹಸಾರ್ವಭೌಮ, ಮಿಣುಕುದೀಪಮಂಡಲಾಧೀಶ್ವರ ಅಮರೇಗೌಡನ ಪರಾಕ್ರಮವನ್ನು ಹೇಳುತ್ತೇನೆ. ಬಿಸಿಲಲ್ಲಿ ಕೂತವರು ಹೊಟ್ಟೆಕಿಚ್ಚುಪಡದೆ ಕೇಳಬೇಕು.

ಆ ತಂಪು ಅವನಿಗಾಗಿ ಇದ್ದುದಲ್ಲ. ರ‍್ಯಾಕ್ ಎಂಬ ಆಳೆತ್ತರದ ಕಬ್ಬಿಣದ ಕಪಾಟಿನಲ್ಲಿ ಪವಡಿಸಿದ್ದ ಕೋರ್ ಸ್ವಿಚ್ಚಿಗಾಗಿ ಇದ್ದದ್ದು. ಕಚೇರಿಯ ಕಂಪ್ಯೂಟರುಗಳ ಮಾತೆಲ್ಲ ಆ ಪೆಟ್ಟಿಗೆಯ ಮೂಲಕವೇ ಹಾಯಬೇಕು; ಅದು ಕಾದರೆ ಬ್ಯಾಂಕು ಮೂಕ. ನೈವೇದ್ಯದಲ್ಲಿ ಪೂಜಾರಿಗೆ ಪಾಲಿರುವಂತೆ ಆ ತಂಪಿನಲ್ಲಿ ತನಗೂ ಪಾಲುಂಟೆಂದು ಗೌಡ ನಂಬಿದ್ದ. ಅದೇ ಡಿಪ್ಲೊಮಾ, ಅದೇ ಹುದ್ದೆ ಇದ್ದೂ ಹೊರಗೆ ಬೇಯುತ್ತಿದ್ದ ಸೂಗಪ್ಪ ಮಾತ್ರ ಇದನ್ನು ಎಂದೂ ಒಪ್ಪಿರಲಿಲ್ಲ.

ಆ ಮುಂಜಾನೆ ಮ್ಯಾನೇಜರ್ ವೆಂಕೋಬರಾಯರು ರ‍್ಯಾಕಿನ ಬಾಗಿಲು ತೆರೆದದ್ದೇ ತಡ, ತಂತಿಗಳ ಗೊಂಚಲೊಂದು ಅವರ ಪಾದದ ಮೇಲೆ ಸುರಿಯಿತು.

"ಇದೇನ್ರೀ ಗೌಡ್ರ, ಶ್ಯಾವಿಗಿ ಒಣಹಾಕೀರೇನು? ನಾಳೆ ಅಧ್ಯಕ್ಷರು ನೋಡ್ಲಿಕ್ಕೆ ಬರ್ತಾರ. ಸಂಜಿ ಒಳಗ ನೆಟ್ಟಗಾಗಲಿಲ್ಲಂದ್ರ ಕೋಣಿ ಕೀಲಿ ಸೂಗಪ್ಪನ ಕೈಗೆ ಕೊಟ್ಟುಬಿಡ್ರಿ."

ಕೀಲಿ ಹೋದರೆ ಕೋಣೆ ಹೋಯಿತು. ಕೋಣೆ ಹೋದರೆ ಈ ಬೇಸಿಗೆಯನ್ನು ಗೌಡ ಮನುಷ್ಯಮಾತ್ರರಂತೆ ಕಳೆಯಬೇಕು. ಬಾಗಿಲಲ್ಲಿ ಹಲ್ಲುಕಿರಿಯುತ್ತ ನಿಂತಿದ್ದ ವೈರಿಯತ್ತ ತಿರುಗಿ ಆ ಧೀರೋದಾತ್ತನು ಗರ್ಜಿಸಿದನು:

"ಕೇಳೋ ಸೂಗಪ್ಪ, ಈ ಸ್ವಿಚ್ಚಿನ ಒಂದೊಂದು ತೂತೂ ನನ್ನ ಹೆಸರು ಹಿಡದು ಕರೀತೈತಿ. ಹೊತ್ತು ಮುಳುಗೂದ್ರಾಗ ಇಲ್ಲಿ ಒಂದ ಒಂದು ತಂತಿ ಜೋತುಬಿದ್ದಿದ್ರ, ನನ್ನ ಮೀಸಿ ಬೋಳಿಸಿ ನಿನ್ನ ಟೇಬಲ್ ಮ್ಯಾಲ ಇಡ್ತೀನಿ."

"ಟೇಬಲ್ ಮ್ಯಾಲ ಜಾಗ ಇಲ್ಲೋ ಮಾರಾಯ. ಆ ಸ್ವೆಟರ್ ಬಿಟ್ಟು ಹೋಗು ಸಾಕು, ನಾಳಿಂದ ನನಗ ಬೇಕಾಗ್ತೈತಿ."

ಆಮೇಲೆ ನಡೆದದ್ದು ಘನಘೋರ ಸಂಗ್ರಾಮ. ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಪ್ಲಾಸ್ಟಿಕ್ ಟ್ಯಾಗುಗಳ ಕಟ್ಟು ಹಿಡಿದು, ಯಾವ ತಂತಿ ಯಾವ ಮೇಜಿನದೆಂದು ಚೀಟಿ ಅಂಟಿಸುವ ಹೇಡಿತನಕ್ಕೆ ಇಳಿಯದೆ, ಗೌಡನು ಸಿಕ್ಕು ಬಿಡಿಸಿದನು, ಬಾಚಿದನು, ಮದುವಣಗಿತ್ತಿಯ ಜಡೆಯಂತೆ ಹೆಣೆದು ಬಿಗಿದನು. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಒಂದೇ ತಂತಿ. ಅದರ ಒಂದು ತುದಿ ಜಡೆಯೊಳಗೆಲ್ಲೋ ಹುದುಗಿತ್ತು. ಇನ್ನೊಂದು ತುದಿ ಅವನ ಮೀಸೆಯನ್ನೇ ಅಣಕಿಸುವಂತೆ ಜೋತಾಡುತ್ತಿತ್ತು. ಎಲ್ಲಿಯದೆಂದು ಹುಡುಕಲು ಜಡೆ ಬಿಚ್ಚಬೇಕು. ಬಿಚ್ಚುವುದುಂಟೇ? ಸ್ವಿಚ್ಚಿನಲ್ಲಿ ಖಾಲಿ ತೂತೊಂದು ಕಂಡಿತು, ತುರುಕಿದನು. ಹಸಿರು ದೀಪ ಹೊತ್ತಿತು. ಹಸಿರು ಹೊತ್ತಿದ್ದೆಲ್ಲ ಸರಿಯೆಂಬುದು ಅವನ ಸಮಸ್ತ ವಿದ್ಯೆಯ ಸಾರ.

ಜಡೆಯೊಳಗೆ ಹುದುಗಿದ್ದ ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು. ಹೊರಟ ಮಾತು ಸುತ್ತಿ ಬಂದು ಹೊರಟಲ್ಲಿಗೇ ಹೊಕ್ಕು, ಮತ್ತೆ ಹೊರಟು, ನೂರಾಗಿ ಸಾವಿರವಾಗಿ ಗದ್ದಲವೆಬ್ಬಿಸಿ ಉಳಿದ ಮಾತಿಗೆಲ್ಲ ದಾರಿ ಕಟ್ಟಿತು. ದೀಪಗಳು ಹುಚ್ಚೆದ್ದು ಮಿಣುಕಿದವು. ವಿಜಯೋತ್ಸವವೆಂದು ಗೌಡ ಕೈಕಟ್ಟಿ ನೋಡಿದನು.

ಕ್ಯಾಶ್ ಕೌಂಟರಿನ ಹುಲಿಗೆಮ್ಮ ಬಾಗಿಲು ದೂಡಿದಳು. "ಗೌಡ್ರ, ಕಂಪ್ಯೂಟರ್ ಕಲ್ಲಾಗಿ ಕುಂತಾವು. ಮಂದಿ ನನ್ನ ಹರಕೊಂಡು ತಿನ್ನಾಕತ್ತಾರ. ಏನು ಮಾಡಾಕತ್ತೀರಿ ಒಳಗ?"

"ಯುದ್ಧ ನಡದೈತ್ರೀ ಅಕ್ಕಾರ. ನಡುವ ಮಾತಾಡಸಬ್ಯಾಡ್ರಿ."

"ಯಾರ ಜೋಡಿ? ನೀವೊಬ್ರ ಅದೀರಲ್ರೀ."

ಅವಳ ಹಿಂದೆಯೇ ಸೂಗಪ್ಪ ಬಂದ. ಮೊದಲು ಎ.ಸಿ.ಯ ಕೆಳಗೆ ನಿಂತು, ಅಂಗಿಯ ಗುಂಡಿ ಬಿಚ್ಚಿ, ಕಣ್ಣುಮುಚ್ಚಿ ಸುಖಿಸಿದ. ಬ್ಯಾಂಕು ಕಾಯಿತು. ಆಮೇಲೆ ಬಗ್ಗಿ, ಜಡೆಯೊಳಗೆ ಬೆರಳು ತೂರಿಸಿ ನೋಡಿದ.

"ಗೌಡ, ಈ ತಂತಿ ಎಲ್ಲಿಂದ ಹೊಂಟೈತಿ?"

"ಸ್ವಿಚ್ಚಿನಿಂದ."

"ಎಲ್ಲಿಗೆ ಹೋಗೈತಿ?"

ಗೌಡನ ಬೆರಳು ತಂತಿಯಗುಂಟ ಸಾಗಿ, ತಡೆದು, ನಿಂತಿತು. "ಸ್ವಿಚ್ಚಿಗೆ."

"ಪಾಪ, ಭಾಳ ದೂರ ಪ್ರಯಾಣ ಮಾಡೈತಿ."

ಸೂಗಪ್ಪ ಎರಡು ಬೆರಳಲ್ಲಿ ಹಿಡಿದು ಎಳೆದ. ಚಟ್ ಎಂದಿತು. ಹೊರಗೆ ಹುಲಿಗೆಮ್ಮನ ಪ್ರಿಂಟರು ಕಿರ್ರೆನ್ನತೊಡಗಿತು. ಮಹಾಪ್ರಳಯದ ಗಾತ್ರ ಅಷ್ಟೇ.

ಅಷ್ಟರಲ್ಲಿ ವೆಂಕೋಬರಾಯರು ಬಂದರು. ಕೆಡಿಸಿದವ ಒಬ್ಬ, ಎಳೆದವ ಇನ್ನೊಬ್ಬ; ಇಬ್ಬರೂ ಕೀಲಿಗಾಗಿ ಎದೆಯುಬ್ಬಿಸಿ ನಿಂತರು. ರಾಯರು ಆ ಜಡೆಯನ್ನು ಮೇಲಿಂದ ಕೆಳಗೆ ನೋಡಿದರು.

"ಭಾಳ ಛಂದ ಆಗ್ಯದ ಗೌಡ್ರ. ಇಷ್ಟು ನೆಟ್ಟಗಾದ ಮ್ಯಾಲೆ ಇದನ್ನ ಕಾಯ್ಕೋತ ಇಲ್ಲೊಬ್ರು ಯಾಕ ಕೂಡಬೇಕು? ಕೀಲಿ ಜಡೀರಿ, ನನ್ನ ಕಡೆ ಇರ್ಲಿ. ನಿಮ್ಮ ಟೇಬಲ್ ಹೊರಗ ಹಾಕ್ಕೊಳ್ರಿ."

ವೈರಿಗಳಿಬ್ಬರೂ ಮೇಜಿನ ಒಂದೊಂದು ಕಡೆ ಹಿಡಿದು ಹೊರಗೆ ಸಾಗಿಸಿದರು. ಜಾಗವಿದ್ದದ್ದು ಕುಡಿಯುವ ನೀರಿನ ಡ್ರಮ್ಮಿನ ಪಕ್ಕದಲ್ಲಿ ಮಾತ್ರ. ಮಿಣುಕುದೀಪಮಂಡಲಾಧೀಶ್ವರನು ಅಲ್ಲಿ ಕೂತು ಬೆವರೊರೆಸಿಕೊಳ್ಳುತ್ತಿರಲು, ಹುಲಿಗೆಮ್ಮ ಲೋಟ ಹಿಡಿದು ಬಂದಳು.

"ಒಂಚೂರು ಸರೀರಿ ಗೌಡ್ರ, ನೀರು ಹಿಡಕೋಬೇಕು."

ಗೌಡ ಕುರ್ಚಿ ಸರಿಸಿದ.