ಮೋಟಾರಿಗೆ ಕುಡಿಸಿದ ಅಂಬಲಿ

೧೯೫೪ರ ಬೇಸಿಗೆಯ ಒಂದು ಭಾನುವಾರ, ಬೆಳಿಗ್ಗೆ ಆರೂವರೆ. ಸ್ಥಳ, ಮಸ್ಕಿಯ ನಮ್ಮ ಮನೆಯಂಗಳ. ಹಾಜರಿದ್ದವರು ನಾನು, ನನ್ನ ಹೆಂಡತಿ ಶರಣಮ್ಮ, ತಂಗಿ ನೀಲಮ್ಮ, ಡ್ರೈವರ್ ಹುಸೇನಸಾಬ ಮತ್ತು ಬಾಯಿ ತೆರೆದು ನಿಂತ ನಮ್ಮ ಹಳೆಯ ಮೋಟಾರು. ಹೀಗೆ ಹಾಜರಿ ಹಾಕದೆ ನನಗೆ ಏನನ್ನೂ ಹೇಳಲು ಬರುವುದಿಲ್ಲ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಬೋರ್ಡಿಂಗಿನಲ್ಲಿ ಬೆಳೆದವನು ನಾನು. ಶಿಸ್ತಿನಿಂದ ಯಾರಿಗೂ ಕೇಡಿಲ್ಲವೆಂದು ಆ ಭಾನುವಾರದವರೆಗೂ ನಂಬಿದ್ದೆ.

ಮರುದಿನ ಹತ್ತಕ್ಕೆ ಲಿಂಗಸುಗೂರಿನಲ್ಲಿ ನೀಲಮ್ಮನ ಪರೀಕ್ಷೆ. ಪಾಸಾದರೆ ಶಾಲೆಯ ಕೆಲಸ, ತಪ್ಪಿದರೆ ಮದುವೆ ಎಂದು ಅಪ್ಪ ಹೇಳಿಬಿಟ್ಟಿದ್ದರು. ಆಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೋಟಾರನ್ನು ನಂಬೋಣವೆಂದರೆ, ಹಿಂದಿನ ವಾರವಷ್ಟೇ ಅದು ಸಂತೆಕಲ್ಲೂರಿನ ಹತ್ತಿರ ಕುದಿದು, ಹಬೆಯುಗುಳಿ ಕೂತಿತ್ತು. ಎತ್ತು ಕಟ್ಟಿ ಎಳೆಸಿ ತಂದಿದ್ದೆವು. ಊರ ಮಂದಿಯೆಲ್ಲ ನೋಡಿದ್ದರು.

ರೇಡಿಯೇಟರು ತೊಳೆಯಬೇಕೆಂದು ಹುಸೇನಸಾಬ ತಳದ ತಿರುಪು ಬಿಚ್ಚಿದ. ನೀರು ಬರಲಿಲ್ಲ. ಕಡ್ಡಿಯಿಂದ ತಿವಿದ ಮೇಲೆ ಬೆಳ್ಳಗೆ, ಗಟ್ಟಿಯಾಗಿ, ಸಾವಕಾಶವಾಗಿ ಏನೋ ಇಳಿಯಿತು. ಶರಣಮ್ಮ ಬಗ್ಗಿ ಮೂಸಿದಳು.

“ಏನ್ರೀ, ಇದು ಅಂಬಲಿ! ಹುಳಿ ಬಂದೈತಿ.”

ನನಗೆ ಸಿಟ್ಟು ಬಂತು. “ಹುಸೇನಸಾಬ, ಮೋಟಾರಿಗೆ ಜೋಳದ ಹಿಟ್ಟು ಹಾಕ್ಯಾರಲ್ಲ, ಯಾವ ಮೂರ್ಖನ ಕೆಲಸ ಇದು?”

ಅವನು ಗಡ್ಡ ಕೆರೆದುಕೊಂಡ. “ನೀರು ಸೋರಾಕತ್ತಿತ್ತಲ್ರೀ, ಒಂದ್ ಚಿಟಿಕಿ ಹಿಟ್ಟು ಹಾಕಿದ್ರ ತೂತು ಮುಚ್ಚತೈತಿ ಅಂತ ನಾನ ಹೇಳಿದ್ದೆ, ಸಾಹೇಬ್ರ. ಒಂದ ಸಲ ಅಂದಿದ್ದೆ.”

ನೀಲಮ್ಮ ಒಳಗೆ ಹೋಗಿ, ಗೋಡೆಗೆ ಹಚ್ಚಿದ್ದ ನನ್ನ ವೇಳಾಪಟ್ಟಿಯನ್ನು ಕಿತ್ತು ತಂದು ಎಲ್ಲರಿಗೂ ಕೇಳುವಂತೆ ಓದಿದಳು: “ಬೆಳಿಗ್ಗೆ ಆರು. ಮೋಟಾರಿಗೆ ಹಿಟ್ಟು, ಒಂದು ಹಿಡಿ.” ಅಕ್ಷರಗಳು ನನ್ನವೇ, ದುಂಡಗೆ ಇದ್ದವು. ಒಂದು ತಿಂಗಳು, ಒಂದು ದಿನವೂ ತಪ್ಪಿಸಿರಲಿಲ್ಲ; ಗಂಟೆ ಆರಾದರೆ ಕೈ ತಾನೇ ಹಿಟ್ಟು ಹಾಕಿಬಿಡುತ್ತಿತ್ತು, ತಲೆಗೆ ಅದರ ಸುದ್ದಿಯೇ ಇರಲಿಲ್ಲ. “ಅಣ್ಣಾ, ನಾ ಪರೀಕ್ಷೆಗೆ ಹೋಗ್ಲೋ, ಇದಕ್ಕ ಉಪ್ಪಿನಕಾಯಿ ಬಡಸ್ಲೋ?” ಎಂದಳು. ಮುಂದೆ ಮೂವತ್ತು ವರ್ಷ ಶಾಲೆಯ ಹುಡುಗರನ್ನು ನಡುಗಿಸಿದ ಆ ನೋಟ ಮೊದಲು ಬಿದ್ದದ್ದು ನನ್ನ ಮೇಲೆ.

ಆಮೇಲೆ ನನಗೆ ನೀರು ಹೊರುವ ಕೆಲಸವಷ್ಟೇ ಉಳಿಯಿತು. “ರೇಡಿಯೇಟರು ಹಿತ್ತಾಳಿದು ಅಂದ್ರ ಹುಣಸಿಹುಳಿ ಹಾಕ್ರಿ, ಕೊಡ ಬೆಳಗಿದ್ಹಂಗ,” ಎಂದು ಶರಣಮ್ಮ ಹುಳಿ ಕಿವುಚಿ ಕೊಟ್ಟಳು. ಹುಳಿನೀರು ತುಂಬಿ ಇಂಜಿನ್ನು ಓಡಿಸಿ, ಆರಿಸಿ, ತಣಿಸಿ, ಇಳಿಸಿದೆವು. ಬಾವಿಯಿಂದ ಹದಿನೆಂಟು ಕೊಡ ಹೊತ್ತ ಮೇಲೆ ತಿಳಿನೀರು ಬಂತು, ಅದರ ಜೊತೆಗೆ ಹಳೆಯ ತೂತೂ ಕಂಡಿತು. ಕಲಾಯಿಯವನು ಬಂದು ಬೆಸುಗೆ ಹಾಕಿದ. ಇಂದಿಗೂ ಒಲೆಯ ಮೇಲೆ ಅಂಬಲಿ ಕುದಿಯುವ ವಾಸನೆ ಬಂದರೆ ಆ ಅಂಗಳವೇ ಕಣ್ಣೆದುರು ನಿಲ್ಲುತ್ತದೆ.

ಸಂಜೆ ನಾಲ್ವರೂ ಕೂತು ಸಂತೆಕಲ್ಲೂರಿನವರೆಗೆ ಹೋಗಿ ಬಂದೆವು. ಮೋಟಾರು ಕುದಿಯಲಿಲ್ಲ. ಇಳಿಯುತ್ತಲೇ ನೀಲಮ್ಮ ಹಿಟ್ಟಿನ ಡಬ್ಬಿಯನ್ನು ಎತ್ತಿಕೊಂಡು ಹೋಗಿ ತನ್ನ ಪುಸ್ತಕಗಳ ಪಕ್ಕದಲ್ಲಿಟ್ಟುಕೊಂಡಳು. “ನಿನ್ನ ಮ್ಯಾಲೆ ನಂಬಿಕಿ ಐತಣ್ಣಾ, ನಿನ್ನ ರೂಢಿ ಮ್ಯಾಲೆ ಇಲ್ಲ.”

ದೀಪ ಹಚ್ಚುವ ಹೊತ್ತಿಗೆ ಆ ದಿನದ ಕೊನೆಯ ಕೆಲಸವನ್ನೂ ಮುಗಿಸಿದೆ. ವೇಳಾಪಟ್ಟಿಯಲ್ಲಿ ಹಿಟ್ಟಿನ ಸಾಲನ್ನು ಹೊಡೆದುಹಾಕಿ, ಅದೇ ಜಾಗದಲ್ಲಿ ದುಂಡಗೆ ಬರೆದೆ: ‘ಬೆಳಿಗ್ಗೆ ಆರು. ಮೋಟಾರಿನ ಹತ್ತಿರ ಹೋಗಕೂಡದು. ಪ್ರತಿದಿನ.’